ವಂಶಾವಳಿಯಲ್ಲಿ ಇಲ್ಲದ ಮುತ್ತಜ್ಜಿ

ನಮ್ಮದು ಹಾವೇರಿ ಕಡೆಯ ಹಳ್ಳಿ. ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ನಿಂತು ವಂಶಾವಳಿ ಹೊಗಳುತ್ತಿದ್ದದ್ದು ನನಗೂ ನೆನಪಿದೆ. ಮುತ್ತಜ್ಜಿಯನ್ನು ಹುಡುಕಲು ಹೊರಟಾಗ ಮೊದಲು ಹಿಡಿದದ್ದು ಅವರನ್ನೇ. ನಮ್ಮ ಮನೆತನದ ಹೆಳವ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಹೇಳಿದ. ಏಳರಲ್ಲೂ ಗಂಡಸರು. ಮುತ್ತಜ್ಜನ ಹೆಂಡತಿ ಯಾರೆಂದು ಕೇಳಿದರೆ ಪುಸ್ತಕ ತಿರುವಿ, ಆಕೆಯ ತವರೂರನ್ನಷ್ಟೇ ಹೇಳಿ ಜೋಳ ಕಟ್ಟಿಕೊಂಡು ಹೋದ.

ಮನೆಯಲ್ಲಿ ಉಳಿದಿದ್ದದ್ದು ಒಂದೇ ಮಾತು: ಮುತ್ತಜ್ಜ ಪ್ಲೇಗಿನಲ್ಲಿ ಸತ್ತ, ಅವಳು ಮಗನನ್ನು ಕಟ್ಟಿಕೊಂಡು ಬಾಳುವೆ ಮಾಡಿದಳು. ಪ್ಲೇಗು ಮುಂಬಯಿಗೆ ಬಂದದ್ದು 1896ರಲ್ಲಿ. ಆಮೇಲೆ ನಮ್ಮ ಕಡೆಯನ್ನೂ ವರ್ಷಗಟ್ಟಲೆ ಕಾಡಿತು. ಶಾಲೆಯ ದಾಖಲೆಯಲ್ಲಿ ಅಜ್ಜ ಹುಟ್ಟಿದ್ದು 1912ರ ಜೂನ್ 1. ಮಾಸ್ತರರು ಅರ್ಧ ಊರಿಗೇ ಕೊಟ್ಟ ಆ ತಾರೀಖನ್ನು ಯಾರೂ ನಂಬಬಾರದು, ವರ್ಷವನ್ನು ಅರೆಬರೆ ನಂಬಬಹುದು. ಅಂತೂ ಹುಡುಕಬೇಕಾದದ್ದು 1912ರಿಂದ ಈಚೆಗೆ ಎಂದಾಯಿತು.

ಮುಂದಿನ ದಾರಿ ಹೊಲದ್ದು. ಮನುಷ್ಯರ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತದೆ, ಹೊಲದ ಸರ್ವೆ ನಂಬರು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಹಿಸ್ಸೆಯಾಗಿ ಒಡೆಯುತ್ತದೆ, ಅಷ್ಟೇ. ಇಂದಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಕಾಣಿಸಿದ ಡೈರಿ (ಹೊಲದ ಹಕ್ಕು ಬದಲಾದದ್ದರ ನೋಂದಣಿ) ನಂಬರು ಹಿಡಿದು ಆ ಡೈರಿ ತೆಗೆಸುವುದು, ಅದರಿಂದ ಅದರ ಹಿಂದಿನದಕ್ಕೆ ಹೋಗುವುದು. ದಾಖಲೆ ಕೊಠಡಿಗೆ ನಾಲ್ಕು ಸಲ ಅಲೆದೆ. ಎರಡು ಸಲ ಬರಿಗೈ.

ನಾಲ್ಕನೆಯ ಸಲ 1919ರ ಜನವರಿಯ ಪುಟ ತೆರೆಯಿತು. ಅಂಚು ಮುಟ್ಟಿದರೆ ಉದುರುವಂತಿತ್ತು. ಅಜ್ಜನ ಹೆಸರು, ಅದರ ಮುಂದೆ 'ಅ.ಪಾ.ಕ. ತಾಯಿ', ಆಮೇಲೆ ಅವಳ ಹೆಸರು, 'ಕೋಂ' (ಇಂಥವರ ಹೆಂಡತಿ), ಮುತ್ತಜ್ಜನ ಹೆಸರು. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ, ವಯಸ್ಸಿಗೆ ಬಾರದ ಮಗನ ಪರವಾಗಿ ನಿಂತವಳು. ನನ್ನ ಅಕ್ಕನ ಹೆಸರೂ ಅದೇ. ಆ ಹೆಸರನ್ನು ಏಕೆ ಇಟ್ಟರೆಂಬುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಆಮೇಲೆ ಕಣ್ಣು ಉಳಿದ ಸಾಲುಗಳಿಗೆ ಹೋಯಿತು. ಬೇರೆ ವರ್ಷಗಳ ಪುಟಗಳಲ್ಲಿ ಖರೀದಿ, ವಾಟ್ನಿ (ಪಾಲು), ಭೋಜಾ (ಹೊಲದ ಮೇಲಿನ ಸಾಲ) ಎಲ್ಲ ಬೆರೆತಿರುತ್ತವೆ. ಇಲ್ಲಿ ವಾರಸಾ, ಅಂದರೆ ಸತ್ತವರ ಹೊಲ ವಾರಸುದಾರರಿಗೆ ಬಂದದ್ದು, ಅದರ ಕೆಳಗೆ ವಾರಸಾ, ಮಗುಚಿದರೆ ಮತ್ತೆ ವಾರಸಾ. 1918 ಮಳೆ ಕೈಕೊಟ್ಟ ವರ್ಷ. ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಬಂದಿತ್ತು. ನಮ್ಮವರು ಪ್ಲೇಗು ಎಂದದ್ದು ಬಹುಶಃ ಅದನ್ನೇ. ಸಾಲುಸಾಲಾಗಿ ಹೆಣ ಬಿದ್ದರೆ ಅವರಿಗೆ ಗೊತ್ತಿದ್ದ ಹೆಸರು ಅದೊಂದೇ.

ಕೊನೆಯ ಕಾಗದ ಸಿಕ್ಕಿದ್ದು ನಮ್ಮ ಅಟ್ಟದ ಟ್ರಂಕಿನಲ್ಲೇ. ಮೊದಲು ಅಲ್ಲಿಯೇ ನೋಡಬೇಕಿತ್ತು! 1921ರ ಸಾಲಪತ್ರ. ಬರಹ ಬಾರದ ರೈತರು ಸಹಿಯ ಜಾಗದಲ್ಲಿ ನೇಗಿಲಿನ ಗುರುತು ಹಾಕುತ್ತಿದ್ದ ಕಾಲ ಅದು, ಹೆಂಗಸರದು ಬಳೆ. ಮಸಿಯಲ್ಲಿ ಎಳೆದ ಸೊಟ್ಟ ಸುತ್ತು, ತುದಿಗೆ ತುದಿ ಕೂಡಿಲ್ಲ. ಪಕ್ಕದಲ್ಲಿ ಪತ್ರ ಬರೆದವನ ದುಂಡು ಅಕ್ಷರ: 'ನಿಶಾನಿ ಬಳೆ'. ಅಷ್ಟರಲ್ಲಿ ಅವಳ ಕೈಯ ಬಳೆ ಒಡೆದು ಎರಡು ವರ್ಷ ದಾಟಿತ್ತು.