ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆ

ಕಳೆದ ಮಳೆಗಾಲದಲ್ಲಿ ಕಂಪ್ಯೂಟರ್ ಆಟದಲ್ಲಿ ನನ್ನ 79ನೇ ಲೆವೆಲ್ಲಿನ ಪ್ಯಾಲಡಿನ್ (ಶೀಲ್ಡ್ ಹಿಡಿದ ಯೋಧ) ಸಾಯುವಾಗ ನಾನು ಮೇಜಿನ ಕೆಳಗಿದ್ದೆ. ಸುಂಟಿಕೊಪ್ಪ ಕಡೆಯ ನಮ್ಮ ತೋಟದ ಮನೆಯಲ್ಲಿ ಜುಲೈ ತಿಂಗಳ ಕರೆಂಟು ಅಂದರೆ ಬಂದು ಮುಖ ತೋರಿಸಿ ಹೋಗುವ ನೆಂಟ. ಯುಪಿಎಸ್ ಕಿರುಚಿತು. ರೂಟರ್ ವೈರು ಅದಕ್ಕೇ ಸಿಕ್ಕಿಸಿದೆಯಾ ಎಂದು ನೋಡಲು ಬಗ್ಗಿದೆ. ರೂಟರ್ ಸರಿಯಾಗಿಯೇ ಇತ್ತು. ಆಚೆ ರಸ್ತೆಯಲ್ಲಿ ಲೈನೇ ಸತ್ತಿತ್ತು. ಅರ್ಧ ಗಂಟೆ ಬಿಟ್ಟು ನೆಟ್ ಬಂದು ಲಾಗಿನ್ ಆದರೆ, ಪಾತ್ರಗಳ ಪಟ್ಟಿಯಲ್ಲಿ ನಮ್ಮವನು ಪ್ರೇತವಾಗಿ ನಿಂತಿದ್ದ.

ಆಟ ಡಯಾಬ್ಲೊ 2 ರಿಸರೆಕ್ಟೆಡ್, ಹಾರ್ಡ್‌ಕೋರ್. ಒಮ್ಮೆ ಸತ್ತರೆ ಸತ್ತ ಹಾಗೇ, ಮೈಮೇಲಿದ್ದ ಸಾಮಾನೂ ಅವನ ಜೊತೆಗೇ ಹೋಯಿತು. ನೆಟ್ ಕಡಿದಾಗ ಸರ್ವರ್ ನಿಮ್ಮವನನ್ನು ಆ ಕ್ಷಣವೇ ಎತ್ತಿಕೊಳ್ಳುವುದಿಲ್ಲ, ಕೆಲವು ಸೆಕೆಂಡು ಅಲ್ಲೇ ನಿಲ್ಲಿಸಿರುತ್ತದೆ. ಸುತ್ತ ಇರುವ ರಾಕ್ಷಸರಿಗೆ ಅಷ್ಟು ಸಾಕು. ಆಫ್‌ಲೈನ್ ಆಡಬಹುದಲ್ಲ ಎನ್ನಬೇಡಿ. ಗೋಣಿಕೊಪ್ಪದಲ್ಲಿರುವ ಅತ್ತೆ ಮಗನೂ ನಾನೂ ಜೊತೆಗೇ ಆಡುವುದು; ಅವನಿಲ್ಲದೆ ನನಗೆ ಈ ಆಟ ಉಪ್ಪಿಲ್ಲದ ಸಾರು.

2021ರಲ್ಲಿ ಇದು ಬಂದಾಗಿನಿಂದ ಅಲ್ಲಿಗೆ ನನ್ನದು ಏಳು ಸಾವು. ತೋಟದ ಹಳೇ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ, ಆಳುಗಳ ಹಾಜರಿ ಹಾಕುವ ಗೆರೆಗಳ ಮೇಲೆಯೇ, ಏಳನ್ನೂ ಬರೆದಿಟ್ಟಿದ್ದೇನೆ. ಲೆವೆಲ್, ಜಾಗ, ಕೊಂದವರು ಯಾರು. ಕೊನೆಯ ಕಾಲಂ ಹೊಳೆದದ್ದು ಈ ಸಾವಿನ ರಾತ್ರಿ: ಆಗ ನನ್ನ ಕೈ ಎಲ್ಲಿತ್ತು? ನೆನಪಿಸಿಕೊಂಡು ತುಂಬಿಸಿದೆ. ಎರಡು ಸಲ ಲೈನ್ ಹೋಗಿತ್ತು. ಎರಡು ಸಲ ಲೈನ್ ಇದ್ದೂ ತೂಕಡಿಸುತ್ತಿತ್ತು, ನಾನು ಗುಂಡಿ ಒತ್ತುವಾಗ ಅವನು ಆಗಲೇ ಸತ್ತಿದ್ದ. ಒಂದು ಸಲ ಅಪ್ಪ ಗೇಟಿನಿಂದ "ಆನೆ ಬಂತು, ಟಾರ್ಚ್ ತಾ" ಎಂದು ಕೂಗಿದ್ದರು. ಉಳಿದೆರಡು ನನ್ನ ದಡ್ಡತನ. ಅಂತೂ ಏಳರಲ್ಲಿ ಐದು ಸಲ ನನ್ನ ಕೈ ಲೆಕ್ಕಕ್ಕೇ ಇರಲಿಲ್ಲ.

ಅಲ್ಲಿಯತನಕ ರಕ್ಷಣೆಯ ಸ್ಕಿಲ್ ಎಂದರೆ ನನಗೆ ತಪ್ಪಿಸಿಕೊಳ್ಳುವ ಸ್ಕಿಲ್. ಮಾಟಗಾತಿ ಸಾರ್ಸರೆಸ್‌ನ ಟೆಲಿಪೋರ್ಟ್‌ಗಿಂತ (ಕಣ್ಣು ಮಿಟುಕಿಸುವುದರಲ್ಲಿ ಬೇರೆಡೆಗೆ ಹಾರುವ ಸ್ಕಿಲ್) ಒಳ್ಳೆಯ ರಕ್ಷಣೆ ಇಲ್ಲ ಎಂದು ವಾದ ಮಾಡಿದವನೂ ನಾನೇ. ಬೆಂಗಳೂರಿನಲ್ಲಿ ಕೂತು ಆಡುವವರಿಗೆ ಅದು ನಿಜ ಇರಬಹುದು. ನನಗೆ ಬೇಕಾದದ್ದು ಕೈ ಬಿಟ್ಟಾಗಲೂ ಕಾಯುವಂಥದ್ದು. ಹೊಸ ಪ್ಯಾಲಡಿನ್‌ಗೆ ಲೆವೆಲ್ ಏರಿದಂತೆ ಸಿಗುವ ಸ್ಕಿಲ್ ಪಾಯಿಂಟ್ ಹಂಚುವಾಗ ಕೇಳಿಕೊಂಡದ್ದು ಒಂದೇ: ನಾನು ಮೇಜಿನ ಕೆಳಗಿದ್ದರೆ ಇದು ಕೆಲಸ ಮಾಡುತ್ತದಾ?

79ನೇ ಲೆವೆಲ್ಲಿನವನನ್ನು ಕೊಂದದ್ದು ಆಟದ ಮೂರು ಹಂತಗಳಲ್ಲಿ ಅತಿ ಕಷ್ಟದ ಹೆಲ್‌ನಲ್ಲಿ, ವರ್ಲ್ಡ್‌ಸ್ಟೋನ್ ಕೀಪ್ ಎಂಬ ಕೋಟೆಯೊಳಗೆ ತೇಲಾಡುವ ಆತ್ಮಗಳು. ಪರದೆಯ ಆಚೆಯಿಂದಲೇ ಮಿಂಚು ಬಿಡುತ್ತವೆ, ಮಿಂಚು ಬಿದ್ದ ಮೇಲೆಯೇ ಅವು ಅಲ್ಲಿವೆ ಎಂದು ಗೊತ್ತಾಗುವುದು. ಶೀಲ್ಡ್ ಇದನ್ನು ತಡೆಯುವುದಿಲ್ಲ. ತಡೆಯುವುದು ಲೈಟ್ನಿಂಗ್ ರೆಸಿಸ್ಟೆನ್ಸ್, ಮಿಂಚಿನ ಏಟನ್ನು ನೂರಕ್ಕೆ ಇಷ್ಟು ಎಂದು ಕಡಿಮೆ ಮಾಡುವ ಅಂಕಿ; ಅದರ ಮಾಮೂಲಿ ಮಿತಿ 75. ಪ್ಯಾಲಡಿನ್‌ಗೆ ರೆಸಿಸ್ಟ್ ಲೈಟ್ನಿಂಗ್ ಎಂಬ ಔರಾ (ಸುತ್ತ ಹರಡುವ ಪ್ರಭೆಯಂಥ ಸ್ಕಿಲ್) ಇದೆ, ಯಾರೂ ಅದನ್ನು ಹಾಕಿಕೊಂಡು ಓಡಾಡುವುದಿಲ್ಲ. ಆದರೆ ಅದರ ಇನ್ನೊಂದು ಗುಣ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ನಾವೇ ಹಾಕಿದ ಪ್ರತಿ ಎರಡು ಪಾಯಿಂಟಿಗೆ ಮಿತಿ ಒಂದೊಂದು ಏರುತ್ತದೆ, ಔರಾ ಉರಿಸದಿದ್ದರೂ ಸರಿ. ಸಾಮಾನಿನಿಂದ ಬರುವ ಪ್ಲಸ್ ಸ್ಕಿಲ್, ಅಂದರೆ ಸ್ಕಿಲ್ಲಿನ ಹೆಚ್ಚುವರಿ ಲೆವೆಲ್, ಇದಕ್ಕೆ ಲೆಕ್ಕವಿಲ್ಲ. ಇಪ್ಪತ್ತು ಪಾಯಿಂಟ್ ಹಾಕಿದರೆ ಮಿತಿ 85. ಬರೀ ಹತ್ತಾ ಎಂದು ಮೂಗು ಮುರಿಯಬೇಡಿ. 75ರಲ್ಲಿ ನೂರರ ಏಟಿಗೆ ಇಪ್ಪತ್ತೈದು ತಗಲುತ್ತದೆ, 85ರಲ್ಲಿ ಹದಿನೈದು. ಮೈಗೆ ಬೀಳುವ ಏಟಿನಲ್ಲಿ ನೂರಕ್ಕೆ ನಲವತ್ತು ಕಡಿಮೆ.

ಇಲ್ಲೇ ನಾನು ಮೊದಲು ಎಡವಿದ್ದೆ. ಮಿತಿ ಏರಿಸುವುದು ಬೇರೆ, ರೆಸಿಸ್ಟೆನ್ಸ್ ಏರಿಸುವುದು ಬೇರೆ. ಹೆಲ್‌ಗೆ ಕಾಲಿಟ್ಟ ಕೂಡಲೇ ಎಲ್ಲ ರೆಸಿಸ್ಟೆನ್ಸಿನಿಂದ ನೂರು ಕಳೆಯುತ್ತಾರೆ. ಆನ್ಯಾ ಎಂಬಾಕೆಯನ್ನು ಬಿಡಿಸುವ ಕ್ವೆಸ್ಟಿನಿಂದ ಒಂದೊಂದು ಹಂತಕ್ಕೆ ಹತ್ತರಂತೆ ಮೂವತ್ತು ವಾಪಸ್ ಸಿಗುತ್ತದೆ. ಅಂದರೆ 75 ಮುಟ್ಟಲಿಕ್ಕೇ ಸಾಮಾನಿನಿಂದ 145 ಬೇಕು, 85ಕ್ಕೆ 155. ಮೈಮೇಲೆ ಬರೀ ತೊಂಬತ್ತು ಇಟ್ಟುಕೊಂಡು ಮಿತಿ ಏರಿಸುವುದು ನೀರಿಲ್ಲದ ಕೆರೆಗೆ ಏರಿ ಎತ್ತರಿಸಿದ ಹಾಗೆ. ನನ್ನ ಮೂರನೆಯವನು ಸತ್ತದ್ದು ಹೀಗೆ. ದಡ್ಡತನದ ಕಾಲಂನಲ್ಲಿರುವ ಎರಡರಲ್ಲಿ ಅದೊಂದು.

ಪಾಯಿಂಟ್ ಎಲ್ಲಿಂದ ತಂದೆ? ನನ್ನದು ಸುತ್ತಿಗೆಯಿಂದ ಕೊಲ್ಲುವ ಹ್ಯಾಮರ್ ಪ್ಯಾಲಡಿನ್. ಬ್ಲೆಸ್ಡ್ ಹ್ಯಾಮರ್, ಅದರ ಏಟು ಹೆಚ್ಚಿಸುವ ಕಾನ್ಸಂಟ್ರೇಷನ್, ವಿಗರ್, ಬ್ಲೆಸ್ಡ್ ಏಮ್, ನಾಲ್ಕಕ್ಕೂ ಇಪ್ಪತ್ತಿಪ್ಪತ್ತು ಹಾಕುವುದು ವಾಡಿಕೆ. ನಾನು ಬ್ಲೆಸ್ಡ್ ಏಮ್‌ಗೆ ಒಂದೇ ಹಾಕಿ ಉಳಿದದ್ದನ್ನು ಮಿಂಚಿಗೆ ಸುರಿದೆ. ಗೋಣಿಕೊಪ್ಪದವನು ಫೋನಿನಲ್ಲಿ ನಕ್ಕ. "ಭಾವ, ಇದೇನು ಸುತ್ತಿಗೆಯಾ, ತೆಂಗಿನಕಾಯಿ ಒಡೆಯುವ ಕಲ್ಲಾ?" ಕೊಲ್ಲುವುದು ನಿಧಾನವಾದದ್ದು ಹೌದು. ನಿಧಾನ ಎಂದರೆ ಶತ್ರುಗಳ ನಡುವೆ ಹೆಚ್ಚು ಹೊತ್ತು ನಿಂತಿರುವುದು, ಅದೂ ಅಪಾಯವೇ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಅವನದು ಅಸಾಸಿನ್, ಫೇಡ್ ಒಂದು ಹಾಕಿಕೊಂಡರೆ ನಿಮಿಷಗಟ್ಟಲೆ ರೆಸಿಸ್ಟೆನ್ಸ್ ಪುಕ್ಕಟೆ, ನಗದೆ ಏನು ಮಾಡ್ತಾನೆ.

ಇನ್ನು ಶೀಲ್ಡ್. ಶೀಲ್ಡ್ ಏಟು ತಡೆಯುವುದನ್ನು ಹೆಚ್ಚಿಸುವ ಹೋಲಿ ಶೀಲ್ಡ್ ಎಂಬ ಸ್ಕಿಲ್ ಒಂದೇ ಪಾಯಿಂಟಿನಲ್ಲಿ 30 ಸೆಕೆಂಡು ಮಾತ್ರ ಇರುತ್ತದೆ. ಲೆವೆಲ್ ಒಂದು ಏರಿದರೆ 25 ಸೆಕೆಂಡು ಸೇರುತ್ತದೆ. ಅದು ಆರಿ ಹೋದದ್ದು ನನಗೆ ಗೊತ್ತಾಗುವುದು ಏಟು ಬಿದ್ದ ಮೇಲೆ, ಹಾಗಾಗಿ ಐದಾರು ಪಾಯಿಂಟ್ ಕೊಟ್ಟೆ. ಸಾಮಾನಿನ ಪ್ಲಸ್ ಸೇರಿದರೆ ಮರೆತು ಆಡಬಹುದು. ಬ್ಲಾಕ್, ಅಂದರೆ ನೂರರಲ್ಲಿ ಎಷ್ಟು ಏಟು ಶೀಲ್ಡಿಗೆ ತಡೆಯಲು ಸಾಧ್ಯ ಎಂಬುದರ ಮಿತಿಯೂ 75ಕ್ಕೇ ನಿಲ್ಲುತ್ತದೆ, ಅಲ್ಲಿಗೆ ಮುಟ್ಟಿಸಲು ಡೆಕ್ಸ್‌ಟೆರಿಟಿಗೆ (ಚುರುಕುತನಕ್ಕೆ) ಒಂದಿಷ್ಟು ಸುರಿಯಬೇಕು. ಆ ಡೆಕ್ಸ್‌ಟೆರಿಟಿಯನ್ನು ವೈಟಾಲಿಟಿಗೆ ಹಾಕಿದ್ದರೆ ಪ್ರಾಣ ಹೆಚ್ಚುತ್ತಿತ್ತು ಎಂದು ಹಲವರು ಹೇಳುತ್ತಾರೆ. ಓಡಿಕೊಂಡೇ ಆಡುವವರಿಗೆ ಅದೇ ಸರಿ, ಯಾಕೆಂದರೆ ಓಡುವಾಗ ಬ್ಲಾಕ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಡಿಫೆನ್ಸ್ ಸೊನ್ನೆಯಾಗುತ್ತದೆ. ಆದರೆ ನೆಟ್ ಹೋದವನು ಓಡುವುದಿಲ್ಲ. ಕಂಬದ ಹಾಗೆ ನಿಂತಿರುತ್ತಾನೆ, ನಿಂತವನಿಗೆ ಶೀಲ್ಡ್ ಪೂರ್ತಿ ದುಡಿಯುತ್ತದೆ. ನಮ್ಮ ಊರಿನ ಲೈನಿಗೆ ಹೇಳಿ ಮಾಡಿಸಿದ ಸ್ಕಿಲ್ ಇದು.

ಜೊತೆಗೆ ಕಾದಾಡಲು ಸಿಗುವ ಬಾಡಿಗೆ ಬಂಟನ ವಿಷಯ: ಎರಡನೇ ಆ್ಯಕ್ಟಿನ ಈಟಿಯವರಲ್ಲಿ ಹೋಲಿ ಫ್ರೀಝ್ ಔರಾ ಇರುವವನನ್ನೇ ತೆಗೆದುಕೊಳ್ಳಿ. ನಾನಿಲ್ಲದಾಗಲೂ ಸುತ್ತಲಿನವರ ಕೈಕಾಲು ಮರಗಟ್ಟಿಸುತ್ತಾನೆ.

ಹೊಸಬ ಈ ಲೆಕ್ಕದಲ್ಲಿ 88ರವರೆಗೆ ಬಂದ. ಆಗಸ್ಟಿನಲ್ಲಿ ವರ್ಲ್ಡ್‌ಸ್ಟೋನ್ ಕೀಪ್‌ನಲ್ಲೇ ಲೈನ್ ಹೋಯಿತು. ನಾನು ಮಾನಿಟರ್ ಆರಿಸಿ ಅಡಿಗೆಮನೆಗೆ ಹೋದೆ, ಅಮ್ಮ ಒಟ್ಟಿ (ಅಕ್ಕಿ ರೊಟ್ಟಿ) ಹಾಕುತ್ತಿದ್ದರು, ಎರಡು ತಿಂದು ಬಂದೆ. ಪಟ್ಟಿಯಲ್ಲಿ ಅವನು ಮೈಕೈ ತುಂಬಿಕೊಂಡೇ ನಿಂತಿದ್ದ.

ಮೂರು ವಾರದ ಮೇಲೆ ಸತ್ತ. ಆಕಾಶ ಬೆಳ್ಳಗಿತ್ತು, ಕರೆಂಟಿತ್ತು, ಲೈನ್ ಹೊಳೆಯಂತೆ ಹರಿಯುತ್ತಿತ್ತು. ಮಾಂತ್ರಿಕ ನಿಹ್ಲಾಥಾಕ್‌ನ ಕೋಣೆಗೆ ನುಗ್ಗಿ ಅವನ ಕಾವಲಿನವರನ್ನು ನಾನೇ ಕೊಂದು ರಾಶಿ ಹಾಕಿದೆ, ಆ ಹೆಣಗಳನ್ನೇ ಅವನು ಸಿಡಿಸಿದ. ಹೆಣ ಸಿಡಿದರೆ ಶೀಲ್ಡ್ ಅಡ್ಡ ಬರುವುದಿಲ್ಲ, ಮಿಂಚಿನ ಇಪ್ಪತ್ತು ಪಾಯಿಂಟೂ ಬರುವುದಿಲ್ಲ. ಚೆಕ್‌ರೋಲಿನ ಎಂಟನೇ ಗೆರೆ, ಕೊನೆಯ ಕಾಲಂ: ಕೈ ಕೀಬೋರ್ಡಿನ ಮೇಲೆಯೇ ಇತ್ತು.

ಈಗಿನವನು 23ನೇ ಲೆವೆಲ್. 24ಕ್ಕೆ ಹೋಲಿ ಶೀಲ್ಡ್ ತೆರೆಯುತ್ತದೆ. ಇವತ್ತು ರಾತ್ರಿ ಗೋಣಿಕೊಪ್ಪದವನು ಬರುತ್ತೇನೆ ಎಂದಿದ್ದಾನೆ, ಅವನ ಕಡೆ ಕರೆಂಟ್ ಇದ್ದರೆ.