ಹೆರಿಗೆ ಎಲ್ಲಿ ಎಂದು ತೀರ್ಮಾನಿಸಿ, ಆಮೇಲೆ ಲಾರಿಗೆ ಹೇಳಿ

ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಬೆಂಗಳೂರಿಗೆ ಹೋಗಿ ನೆಲೆಸಬೇಕು, ಅದೇ ವರ್ಷ ಮಗುವೂ ಆಗಬೇಕು ಎಂದುಕೊಂಡಿರುವ ದಂಪತಿ ಹೆದರಬೇಕಾಗಿಲ್ಲ. ಆದರೆ ಬಹಳ ಮಂದಿ ಮೊದಲು ಬಾಡಿಗೆ ಮನೆ ಹುಡುಕುತ್ತಾರೆ, ಹೆರಿಗೆ ಎಲ್ಲಿ ಎಂಬ ಮಾತನ್ನು ಸೀಮಂತದವರೆಗೆ ಎಳೆಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೋ ಬೆಂಗಳೂರಿನಲ್ಲೋ ಎಂದು ಇಬ್ಬರೂ ಮೊದಲು ಕೂತು ತೀರ್ಮಾನಿಸಿ. ಉಳಿದ ದಿನಾಂಕಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ.

ಮಗುವಿಗೆ ಪ್ರಯತ್ನಿಸುವ ಮೂರು ತಿಂಗಳ ಮುಂಚೆ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆ ಆಗಲಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಈಗಲೇ ಹಾಕಿಸಿ. ಹಾಕಿಸಿದ ಮೇಲೆ ಒಂದು ತಿಂಗಳು ಗರ್ಭ ನಿಲ್ಲಬಾರದು, ಬಸುರಿಯಾದ ಮೇಲೆ ಅದನ್ನು ಕೊಡುವುದಿಲ್ಲ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಬೇಕು. ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ಗೊತ್ತಾಗಿ ಅಂಗಡಿಗೆ ಹೋಗುವಷ್ಟರಲ್ಲಿ ಆ ಗಡುವು ಹತ್ತಿರ ಬಂದಿರುತ್ತದೆ.

ಹೆಂಡತಿ ಕೆಲಸದಲ್ಲಿದ್ದರೆ ರಜೆಯ ಲೆಕ್ಕ ಈಗಲೇ ಹಾಕಿ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಇದೆ. ಆದರೆ ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ 80 ದಿನ ದುಡಿದಿರಬೇಕು. ಏಳನೇ ತಿಂಗಳಲ್ಲಿ ಬೆಂಗಳೂರಿನ ಹೊಸ ಕೆಲಸಕ್ಕೆ ಸೇರಿದರೆ ಈ ಲೆಕ್ಕ ಕೂಡುವುದೇ ಕಷ್ಟ. ಆರೋಗ್ಯ ವಿಮೆಯಲ್ಲೂ ಹೆರಿಗೆ ಖರ್ಚಿಗೆ ಕಾಯುವ ಅವಧಿ ಇರುತ್ತದೆ, ಅದು ಎಷ್ಟೆಂದು ಪಾಲಿಸಿಯಲ್ಲಿ ಓದಿ.

ಮನೆ ಸಾಗಿಸಲು 14ರಿಂದ 28ನೇ ವಾರದ ನಡುವಿನ ಸಮಯ ಒಳ್ಳೆಯದು. ಅದಕ್ಕೂ ಮುಂಚೆ ವಾಂತಿ, ಸುಸ್ತು. ಆಮೇಲೆ ಹೊಟ್ಟೆ ಭಾರ, ಕಾಲು ಊತ, ಹೊಸ ವೈದ್ಯರಿಗೆ ನಿಮ್ಮ ಹಿಂದಿನದೇನೂ ಗೊತ್ತಿರುವುದಿಲ್ಲ. ಆದರೆ ಇದೇ ಅವಧಿಯಲ್ಲೇ ತಪಾಸಣೆಗಳು ತಪ್ಪಿಹೋಗುವುದು: 11ರಿಂದ 13ನೇ ವಾರದ ಸ್ಕ್ಯಾನ್ ಮುಗಿಸಿ ಹೊರಡಿ, 18ರಿಂದ 20ನೇ ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಇರುವ ವಾರಕ್ಕೆ ಲಾರಿ ಹೇಳಬೇಡಿ, 24ರಿಂದ 28ರೊಳಗೆ ಸಕ್ಕರೆ ಪರೀಕ್ಷೆ ಬಿಡಬೇಡಿ. ತಾಯಿಯದು ನೆಗೆಟಿವ್ ರಕ್ತವಾಗಿ ಗಂಡನದು ಪಾಸಿಟಿವ್ ಆಗಿದ್ದರೆ 28ನೇ ವಾರದಲ್ಲಿ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ಊರು ಬಿಡುವ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ. ಮಂಗಳೂರಿನ ಕಡೆ ಹೋಗುವವರಾದರೆ ಮಳೆಗಾಲದಲ್ಲಿ ಬೇಡ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು.

ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೋಗುವ ರೈಲು ಬಸುರಿಗೆ ಬಸ್ಸಿಗಿಂತ ಅನುಕೂಲ: ಎದ್ದು ಓಡಾಡಬಹುದು, ಶೌಚಾಲಯವೂ ಇದೆ. ಕಾರಾದರೆ ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ, ಸೀಟ್ ಬೆಲ್ಟಿನ ಸೊಂಟದ ಪಟ್ಟಿಯನ್ನು ಹೊಟ್ಟೆಯ ಕೆಳಗೆ ಬರುವಂತೆ ಹಾಕಿ. ಬೀರು, ಗ್ಯಾಸ್ ಸಿಲಿಂಡರ್ ಎತ್ತುವುದು ಬಸುರಿಯ ಕೆಲಸವಲ್ಲ. ಹೊಸ ಮನೆಗೆ ಬಣ್ಣ ಹೊಡೆಸಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಆಕೆ ಅಲ್ಲಿ ಮಲಗುವುದು ಬೇಡ.

ಕಾಗದಪತ್ರದಲ್ಲಿ ಮುಖ್ಯವಾದದ್ದು ಸರ್ಕಾರ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್. 12 ವಾರದೊಳಗೆ ಆಶಾ ಕಾರ್ಯಕರ್ತೆಯ ಮೂಲಕ ಮಾಡಿಸಿ, ಬೆಂಗಳೂರಿನಲ್ಲೂ ಅದನ್ನೇ ತೋರಿಸಿ. ಅಲ್ಲಿ ಇನ್ನೊಂದು ಮಾಡಿಸಿದರೆ ಹಿಂದಿನ ತಪಾಸಣೆಯ ದಾಖಲೆ ಕಡಿದುಹೋಗುತ್ತದೆ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಿಗುವುದಕ್ಕೂ ನೋಂದಣಿ ಸರಿಯಿರಬೇಕು. ಹೊಸ ಊರಿನಲ್ಲಿ ವೈದ್ಯರು ಗೊತ್ತಾಗುವವರೆಗೆ, ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ನಡೆಯುವ ಉಚಿತ ತಪಾಸಣೆಗೆ ಹೋಗಿ.

ತವರಿನಲ್ಲಿ ಹೆರಿಗೆಯಾದರೆ ಜನನ ಪ್ರಮಾಣಪತ್ರ ಕೊಡುವುದೂ ಅಲ್ಲಿಯದೇ ಕಚೇರಿ. 21 ದಿನದೊಳಗೆ ನೋಂದಣಿ ಆಗಬೇಕು. ತಂದೆ ತಾಯಿಯ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುಂಚೆಯೇ ನೋಡಿ. ಒಂದಕ್ಷರ ತಪ್ಪಿದರೂ ತಿದ್ದಿಸಲು ಬೆಂಗಳೂರಿನಿಂದ ಮತ್ತೆ ಬರಬೇಕು. ಲಸಿಕೆ 6, 10, 14ನೇ ವಾರಗಳಲ್ಲಿ. ಮೂರು ತಿಂಗಳ ಬಾಣಂತನ ಮುಗಿದು ಸುಮಾರು ಒಂದು ವಾರಕ್ಕೆ 14ನೇ ವಾರದ್ದು ಬರುತ್ತದೆ, ಹಾಕಿಸಿಕೊಂಡು ಕಾರ್ಡಿನಲ್ಲಿ ಬರೆಸಿಕೊಂಡೇ ಹೊರಡಿ.