ಬಿಲ್ ಆಫ್ ಲೇಡಿಂಗ್‌ನಲ್ಲಿರುವ ‘ಲೇಡ್’: ಮೂಲ ಹುಡುಕಿದ ನನ್ನ ಅನುಭವ

ಮಂಗಳೂರಿನಿಂದ ಹಡಗೇರುವ ಕಾಫಿ, ಗೋಡಂಬಿಗಳ ರಫ್ತು ಕಾಗದಪತ್ರಗಳನ್ನು ಸಿದ್ಧಪಡಿಸುವುದು ನನ್ನ ಉದ್ಯೋಗ. ಸರಕು ಪಡೆದುದಕ್ಕೆ ರಸೀದಿಯೂ, ಸಾಗಣೆಯ ಕರಾರಿಗೆ ಪುರಾವೆಯೂ, ಸರಕಿನ ಮೇಲಿನ ಹಕ್ಕುಪತ್ರವೂ ಆಗಿರುವ ಬಿಲ್ ಆಫ್ ಲೇಡಿಂಗ್ ದಿನವೂ ನನ್ನ ಮೇಜಿನ ಮೇಲಿರುತ್ತದೆ. ಬಂದರಿನಲ್ಲಿ ಎಲ್ಲರೂ ‘ಲೋಡಿಂಗ್’ ಎನ್ನುವಾಗ ಈ ಪತ್ರದಲ್ಲಿ ‘ಲೇಡಿಂಗ್’ ಏಕೆ ಉಳಿದಿದೆ ಎಂಬುದನ್ನು ನಾನೇ ಹುಡುಕಿ ತಿಳಿಯಬೇಕೆನ್ನಿಸಿತು.

ಇಂದಿನ ಅರ್ಥವನ್ನು ಬದಿಗಿಟ್ಟು, ಪದದ ಅತಿ ಹಳೆಯ ರೂಪದಿಂದಲೇ ಆರಂಭಿಸಿದೆ. ಬಾಸ್ವರ್ತ್ ಮತ್ತು ಟಾಲರ್ ಅವರ ಪ್ರಾಚೀನ ಇಂಗ್ಲಿಷ್ ನಿಘಂಟಿನಲ್ಲಿ ದೊರೆತ ಕ್ರಿಯಾಪದ ‘ಹ್ಲಡನ್’. ಹೇರುವುದು, ರಾಶಿ ಹಾಕುವುದು ಎಂಬ ಅರ್ಥಗಳ ಜೊತೆಗೆ ನೀರು ಮೊಗೆಯುವುದು ಎಂಬ ಅರ್ಥವೂ ಅದಕ್ಕಿತ್ತು. ಸೌಟನ್ನು ಸೂಚಿಸುವ ‘ಲೇಡಲ್’ ಹುಟ್ಟಿದ್ದು ಈ ಮೊಗೆಯುವ ಅರ್ಥದಿಂದಲೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ‘ಹ್ಲಡನ್’ನ ಭೂತಕಾಲ ‘ಹ್ಲೋಡ್’, ಕೃದಂತ ರೂಪ ‘ಹ್ಲಡೆನ್’. ಸರಕು ಹಡಗಿಗೇರಿತೆಂದು ನಾವು ಒತ್ತುವ ‘ಲೇಡನ್ ಆನ್ ಬೋರ್ಡ್’ ಮೊಹರಿನ ‘ಲೇಡನ್’ ಆ ಕೃದಂತವೇ. ಜರ್ಮನ್ ಮತ್ತು ಡಚ್ ಭಾಷೆಗಳ ‘ಲಾಡನ್’, ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯಾದ ಪ್ರಾಚೀನ ನಾರ್ಸ್‌ನ ‘ಹ್ಲಾಥ’ ಇದರ ಸೋದರ ಪದಗಳು. ಮೊದಲಿನ ಹಕಾರ ಇಂಗ್ಲಿಷಿನಲ್ಲೂ ಕ್ರಮೇಣ ಬಿದ್ದುಹೋಯಿತು.

ಹೆಚ್ಚು ಎಚ್ಚರ ಬೇಕಾದದ್ದು ‘ಲೋಡ್’ ಪದದ ವಿಷಯದಲ್ಲಿ. ಅರ್ಥ ಒಂದೇ ಆದ್ದರಿಂದ ಎರಡೂ ಒಂದೇ ಬೇರಿನವು ಎನ್ನಿಸುತ್ತದೆ, ಆದರೆ ‘ಲೋಡ್’ ಬಂದಿರುವುದು ದಾರಿ, ಪಯಣ, ಸಾಗಣೆ ಎಂಬ ಅರ್ಥಗಳಿದ್ದ ‘ಲಾದ್’ ಎಂಬ ನಾಮಪದದಿಂದ. ಮುನ್ನಡೆಸುವ ‘ಲೀಡ್’ ಅದರ ನಂಟಿನದು. ದಿಕ್ಕು ತೋರುವ ನಕ್ಷತ್ರಕ್ಕಿರುವ ‘ಲೋಡ್‌ಸ್ಟಾರ್’ ಎಂಬ ಹೆಸರಿನಲ್ಲಿ ದಾರಿಯೆಂಬ ಹಳೆಯ ಅರ್ಥ ಇನ್ನೂ ಉಳಿದಿದೆ. ‘ಲೇಡ್’ನ ಪ್ರಭಾವಕ್ಕೆ ಒಳಗಾಗಿಯೇ ‘ಲೋಡ್’ಗೆ ಹೊರೆ ಎಂಬ ಅರ್ಥ ಅಂಟಿಕೊಂಡಿತು, ಮುಂದೆ ಅದೇ ಕ್ರಿಯಾಪದವೂ ಆಗಿ ‘ಲೇಡ್’ ಅನ್ನು ದಿನಬಳಕೆಯಿಂದ ಹೊರದೂಡಿತು. ಅರ್ಥದ ಹೋಲಿಕೆಯನ್ನಷ್ಟೇ ನಂಬದೆ ಪ್ರತಿ ಪದದ ಹಳೆಯ ರೂಪವನ್ನು ಬೇರೆ ಬೇರೆಯಾಗಿ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬಳಕೆಗಾಗಿ 1611ರ ಇಂಗ್ಲಿಷ್ ಬೈಬಲನ್ನು ನೋಡಿದೆ. ಆದಿಕಾಂಡದ 45ನೆಯ ಅಧ್ಯಾಯದಲ್ಲಿ, ಯೋಸೇಫನ ಅಣ್ಣತಮ್ಮಂದಿರು ತಮ್ಮ ಪಶುಗಳ ಮೇಲೆ ಹೊರೆ ಹೇರಿಕೊಂಡು ಕಾನಾನಿಗೆ ಹೋಗಲೆಂದು ಫರೋಹ ಹೇಳುವಲ್ಲಿ ‘ಲೇಡ್’ ಕ್ರಿಯಾಪದವೇ ಇದೆ. ಇಂದು ಅದು ಮುಖ್ಯವಾಗಿ ‘ಲೇಡನ್’ ರೂಪದಲ್ಲಿ ಮತ್ತು ಹಡಗಿನ ಕಾಗದಗಳಲ್ಲಿ ಉಳಿದುಕೊಂಡಿದೆ. ಬಿಲ್ ಆಫ್ ಲೇಡಿಂಗ್ ಕುರಿತ ನಮ್ಮ ದೇಶದ 1856ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿತು. ಅದರ ಹೆಸರೂ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆಯೇ.